ಆರಿಸಿದರೂ ಮತ್ತೆ ಹೊತ್ತಿಕೊಳ್ಳುವ ಹಳದಿ ಲೈಟು

ಪತ್ತನಾಜೆಯವರೆಗೆ ನೇಮ, ಮದುವೆ, ಯಕ್ಷಗಾನ ಎಂದು ಊರೂರು ಸುತ್ತಿದ ಕಾರು ಮಳೆ ಹಿಡಿದ ಮೇಲೆ ಅಡಿಕೆ ತೋಟದ ಬದಿಯ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತುಬಿಡುತ್ತದೆ. ಆಟಿಯಲ್ಲಿ ಒಂದು ದಿನ ಪೇಟೆಗೆಂದು ಚಾವಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟು ಹೊತ್ತಿದ್ದು ಆರುವುದೇ ಇಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಕೋಡ್ ಡಿಲೀಟ್ ಮಾಡುತ್ತಾರೆ, ಲೈಟು ಹೋಗುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಹಾಜರು. ಸೆನ್ಸರ್ ಬದಲಿಸುತ್ತಾರೆ, ಪುನಃ ಹಾಜರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೆಎ-19 ನಂಬರಿನ ಹಳೆಯ ಕಾರು ಇಟ್ಟುಕೊಂಡವರಿಗೆ ಈ ಕಥೆ ವಿವರಿಸಿ ಹೇಳಬೇಕಾಗಿಲ್ಲ.

ಹಳೆಯ ಕಾರನ್ನು ಕೊಟ್ಟುಬಿಡಿ ಎಂದು ಹೇಳುವುದು ಸುಲಭ. ಆದರೆ ಒಳರಸ್ತೆಯ ಮನೆಗಳಿಗೆ ಆಸ್ಪತ್ರೆಗೆ, ಶಾಲೆಗೆ, ಸೊಸೈಟಿಗೆ ಅದೇ ಆಧಾರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದರೂ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. ಬರೀ ವಯಸ್ಸು ನೋಡಿ ಕಾರನ್ನು ರಸ್ತೆಯಿಂದ ಇಳಿಸುವ ನಿಯಮ ಕರ್ನಾಟಕದಲ್ಲಿಲ್ಲ. ಹಾಗಾಗಿ 2010ರ ಆಸುಪಾಸಿನ ಕಾರುಗಳು ಇನ್ನೂ ಕೆಲವು ಕಾಲ ಈ ರಸ್ತೆಗಳಲ್ಲಿ ಓಡುತ್ತವೆ. ಅವುಗಳ ಕಂಪ್ಯೂಟರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಮಾಲೀಕರಿಗೆ ಗೊತ್ತಿದ್ದರೆ ಬಹಳಷ್ಟು ಹಣ ಉಳಿಯುತ್ತದೆ.

ಈ ಲೈಟನ್ನು ಇಟ್ಟದ್ದು ಎಂಜಿನ್ನಿನ ಆರೋಗ್ಯ ಕಾಯಲು ಎಂದೇ ಹೆಚ್ಚಿನವರ ನಂಬಿಕೆ. ಇಟ್ಟದ್ದು ಮುಖ್ಯವಾಗಿ ಗಾಳಿಯ ಆರೋಗ್ಯಕ್ಕೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸಿನ ಪರಿಮಳದ ಬೆನ್ನು ಹತ್ತಿದ್ದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿತ್ ಲಾಸ್ ಏಂಜಲೀಸಿನ ಗಾಳಿಯನ್ನೂ ಪರೀಕ್ಷೆಗೆ ಒಡ್ಡಿದರು. ಕಣ್ಣು ಉರಿಸುವ ಅಲ್ಲಿನ ಮಬ್ಬು ಹುಟ್ಟುವುದು ಕಾರು ಮತ್ತು ತೈಲ ಘಟಕಗಳ ಹೊಗೆ ಬಿಸಿಲಿಗೆ ಸಿಕ್ಕಾಗ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆ ಹೊಗೆಯ ಮೇಲಿನ ಕಾನೂನುಗಳು ಬಿಗಿಯಾಗುತ್ತ ಹೋಗಿ, 1988ರ ಮಾದರಿಯಿಂದ ಕ್ಯಾಲಿಫೋರ್ನಿಯಾದ ಕಾರುಗಳು ತಮ್ಮ ದೋಷವನ್ನು ತಾವೇ ಗುರುತಿಸಿ ಚಾಲಕನಿಗೆ ಹೇಳಬೇಕಾಯಿತು. 1996ರ ಮಾದರಿಯಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ 16 ಪಿನ್ನಿನ ಒಂದೇ ಬಗೆಯ ಸಾಕೆಟ್, ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್‌ಗಳು ಕಡ್ಡಾಯವಾದವು. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಮೇಲ್ಭಾಗದಲ್ಲಿ ಮೆಕ್ಯಾನಿಕ್ ಕೈ ಹಾಕಿ ಹುಡುಕುವುದು ಆ ಸಾಕೆಟ್ಟನ್ನೇ.

ಭಾರತದಲ್ಲಿ ಬಿಎಸ್-4 ಕಾರುಗಳಿಗೆ ಈ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ ಬಂತು, ಎರಡನೆಯದು 2013ರ ಏಪ್ರಿಲ್‌ನಲ್ಲಿ. ಆದರೆ ಬಿಎಸ್-4 ಆಗ ಕಡ್ಡಾಯವಾದದ್ದು ಬೆಂಗಳೂರು ಸೇರಿದಂತೆ ಕೆಲವು ನಗರಗಳಿಗೆ ಮಾತ್ರ. ಇಡೀ ದೇಶಕ್ಕೆ ಅದು ಬಂದದ್ದು 2017ರ ಏಪ್ರಿಲ್ 1ರಂದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬ್ಲೂಟೂತ್ ಸ್ಕ್ಯಾನರನ್ನು ಹಳೆಯ ಕಾರಿಗೆ ಸಿಕ್ಕಿಸಿದಾಗ ಫೋನು ‘ಸಂಪರ್ಕ ಸಿಗುತ್ತಿಲ್ಲ’ ಎನ್ನುವುದಕ್ಕೆ ಕಾರಣ ಇಲ್ಲೇ ಇದೆ. ಸಾಕೆಟ್ ಇದ್ದರೂ ಕೆಲವು ಹಳೆಯ ಕಾರುಗಳ ಕಂಪ್ಯೂಟರ್ ತನ್ನ ಕಂಪನಿಯ ಭಾಷೆಯನ್ನು ಮಾತ್ರ ಆಡುತ್ತದೆ. ಅದಕ್ಕೆ ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು.

ಇನ್ನು ಕೋಡ್‌ನ ವಿಷಯ. ‘ಪಿ’ ಎಂದರೆ ಎಂಜಿನ್ ಮತ್ತು ಗೇರ್ ವಿಭಾಗ. ಮುಂದಿನ ಅಂಕಿ ಸೊನ್ನೆಯಾದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್, ಒಂದಾದರೆ ಕಂಪನಿಯದೇ ಆದದ್ದು. ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪಿ0420 ಎಂದರೆ ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸ ಸಾಲದು. ಇವುಗಳಲ್ಲಿ ಯಾವುದೂ ಇಂಥ ಪಾರ್ಟ್ ಹಾಳಾಗಿದೆ ಎಂದು ಹೇಳುವುದಿಲ್ಲ. ಕರೆಂಟಿಲ್ಲ ಎಂದು ಮೆಸ್ಕಾಂಗೆ ಫೋನು ಮಾಡಿದವರು ತಮ್ಮ ಮನೆಯ ಕತ್ತಲೆಯನ್ನಷ್ಟೇ ಹೇಳಬಲ್ಲರು, ಮರ ಯಾವ ಕಂಬದ ಮೇಲೆ ಬಿದ್ದಿದೆ ಎಂದು ಲೈನ್‌ಮನ್ ನಡೆದೇ ನೋಡಬೇಕು. ಕೋಡ್ ಕೂಡ ಹಾಗೆ ಬಂದ ಒಂದು ದೂರು. ನಡೆದು ನೋಡುವ ಕೆಲಸ ಬಾಕಿ ಇರುತ್ತದೆ, ಹಳೆಯ ಕಾರಿನಲ್ಲಿ ತಪ್ಪಿಹೋಗುವುದು ಅದೇ ಕೆಲಸ.

ಪಿ0171ನ್ನೇ ಎತ್ತಿಕೊಳ್ಳೋಣ. ಇದರಷ್ಟು ಹಣ ಸುಮ್ಮನೆ ಖರ್ಚು ಮಾಡಿಸುವ ಕೋಡ್‌ಗಳು ಕಡಿಮೆ.

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಸೈಲೆನ್ಸರ್ ಪೈಪಿನ ಆರಂಭದಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಉರಿದ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ, ಆ ಲೆಕ್ಕ ತಪ್ಪಿದರೆ ಕಂಪ್ಯೂಟರಿಗೆ ತಿಳಿಸುತ್ತದೆ. ಗಾಳಿ ಹೆಚ್ಚಾಗಿದೆ ಎಂದು ಬಂದರೆ ಕಂಪ್ಯೂಟರ್ ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತದೆ. ಹೀಗೆ ಸೇರಿಸಿದ ಪ್ರಮಾಣವೇ ಸ್ಕ್ಯಾನರಿನಲ್ಲಿ ಕಾಣುವ ‘ಫ್ಯುಯೆಲ್ ಟ್ರಿಮ್’. ಪ್ಲಸ್ 5 ಎಂದರೆ ಶೇ. 5ರಷ್ಟು ಹೆಚ್ಚು ಪೆಟ್ರೋಲ್. ಅದು ಏರುತ್ತ ಏರುತ್ತ ಪ್ಲಸ್ 25ರ ಆಸುಪಾಸಿಗೆ ಹೋದಾಗ ‘ನನ್ನ ಕೈಲಿ ಆಗುವುದಿಲ್ಲ’ ಎಂದು ಕಂಪ್ಯೂಟರ್ ಲೈಟು ಹಾಕುತ್ತದೆ.

ಇಲ್ಲಿ ಆಕ್ಸಿಜನ್ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಆದರೂ ಮೊದಲು ಬದಲಾಗುವುದು ಅದೇ. ಸುದ್ದಿ ತಂದವನಿಗೆ ಶಿಕ್ಷೆ, ಮಾಲೀಕನಿಗೆ ಬಿಲ್ಲು.

ಗಾಳಿ ಎಲ್ಲಿಂದ ಹೆಚ್ಚಾಗಿ ಬಂತು ಎಂಬುದಕ್ಕೆ ಟ್ರಿಮ್ಮಿನ ಲೆಕ್ಕವನ್ನೇ ಎರಡು ಸಲ ನೋಡಬೇಕು: ಒಮ್ಮೆ ಐಡ್ಲಿಂಗ್‌ನಲ್ಲಿ, ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ. ಐಡ್ಲಿಂಗ್‌ನಲ್ಲಿ ಪ್ಲಸ್ 25 ಇದ್ದದ್ದು ವೇಗ ಏರಿಸಿದಾಗ ಪ್ಲಸ್ 5ಕ್ಕೆ ಇಳಿದರೆ ಏರ್ ಫಿಲ್ಟರಿನ ಈಚೆಗೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಸಣ್ಣ ಬಿರುಕೂ ಅಲ್ಲಿ ದೊಡ್ಡ ಪಾಲಾಗುತ್ತದೆ. ಇದಕ್ಕೆ ವಿರುದ್ಧವಾಗಿ ಐಡ್ಲಿಂಗ್‌ನಲ್ಲಿ ಸರಿ ಇದ್ದು ಆಕ್ಸಿಲರೇಟರ್ ಒತ್ತಿದಂತೆ ಏರುತ್ತ ಹೋದರೆ ಪೆಟ್ರೋಲೇ ಸಾಲುತ್ತಿಲ್ಲ. ಪಂಪ್ ಬಡಕಲಾಗಿರಬೇಕು, ಇಲ್ಲವೇ ಫಿಲ್ಟರ್ ಕಟ್ಟಿರಬೇಕು. ಎರಡರಲ್ಲೂ ಒಂದೇ ಟ್ರಿಮ್ ಇದ್ದರೆ ಇಂಜೆಕ್ಟರ್ ಅಥವಾ ಸೆನ್ಸರ್ ಕಡೆ ನೋಡಬಹುದು. ಒಂದು ಪಾರ್ಟನ್ನೂ ಬಿಚ್ಚದೆ ಇಷ್ಟು ತಿಳಿಯುತ್ತದೆ.

ಇದರಲ್ಲೂ ಒಂದು ಸೂಕ್ಷ್ಮವಿದೆ, ಅನುಭವಿ ಮೆಕ್ಯಾನಿಕ್‌ಗಳು ಅದನ್ನು ಬಲ್ಲರು. ಗಾಳಿಯನ್ನು ಏರ್‌ಫ್ಲೋ ಸೆನ್ಸರಿನಿಂದ ಅಳೆಯುವ ಕಾರಿನಲ್ಲಿ ಮಾತ್ರ ಕಳ್ಳಗಾಳಿ ಹೀಗೆ ಸ್ಪಷ್ಟವಾಗಿ ಸಿಕ್ಕಿಬೀಳುತ್ತದೆ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ, ಅಂದರೆ ಮ್ಯಾಪ್ ಸೆನ್ಸರಿನ ಮೇಲೆ ನಿಂತ ಅನೇಕ ಸಣ್ಣ ಕಾರುಗಳಲ್ಲಿ ಅದೇ ಬಿರುಕು ಒತ್ತಡವನ್ನೂ ಏರಿಸುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಕೊಡುತ್ತದೆ. ಆಗ ಕೋಡ್ ಬರುವ ಬದಲು ಐಡ್ಲಿಂಗ್ ಏರಿಬಿಡುತ್ತದೆ. ತೂತು ಒಂದೇ ಆದರೂ ಎರಡು ಕಾರುಗಳಲ್ಲಿ ಎರಡು ಲಕ್ಷಣ.

ಆ ಬಿರುಕು ಕಣ್ಣಿಗೆ ಬೀಳುವುದೂ ಸುಲಭವಲ್ಲ. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ವರೆಗೆ ಬರುವ ಮಡಿಕೆ ಮಡಿಕೆಯ ರಬ್ಬರ್ ಪೈಪು ಮೇಲಿನಿಂದ ನೋಡಿದರೆ ಹೊಸದರಂತೆಯೇ ಇರುತ್ತದೆ. ಕ್ಲಿಪ್ ಸಡಿಲಿಸಿ, ಕೈಯಲ್ಲಿ ಬಗ್ಗಿಸಿ, ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಅಡಿಭಾಗದ ಮಡಿಕೆಯ ಸಂದಿಯಲ್ಲಿ ಸೀಳು ಬಾಯಿ ತೆರೆಯುತ್ತದೆ. ಎಂಜಿನ್ ಅಲುಗಿದಾಗ ಮಾತ್ರ ತೆರೆದು ನಿಂತಾಗ ಮುಚ್ಚಿಕೊಳ್ಳುವ ಸೀಳದು. ಹಾಗೆಯೇ ಟ್ಯಾಪೆಟ್ ಕವರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಬೆರಳು ಗಾತ್ರದ ಹೋಸ್. ಎಂಜಿನ್ನಿನ ಬಿಸಿಗೆ, ಆಯಿಲ್ ಆವಿಗೆ ಹತ್ತು ವರ್ಷದಲ್ಲಿ ಅದು ಕಲ್ಲಾಗಿ, ಸಿಕ್ಕಿಸಿದ ತುದಿಯಲ್ಲಿ ಒಡೆದಿರುತ್ತದೆ. ಹೊಗೆ ತುಂಬಿಸಿ ನೋಡುವ ಯಂತ್ರ ಇರುವ ಗ್ಯಾರೇಜಿನಲ್ಲಿ ಒಡೆದ ಕಡೆಯಿಂದ ಹೊಗೆ ಎದ್ದು ಬರುತ್ತದೆ. ಯಂತ್ರ ಇಲ್ಲದ ಕಡೆ ಕಣ್ಣು, ಕಿವಿ, ಕೈಯೇ ಗತಿ.

ಮುಂದಿನ ಆಕ್ಸಿಜನ್ ಸೆನ್ಸರಿನ ಮೊದಲೇ ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ ಸುಟ್ಟಿದ್ದರೂ ಇದೇ ಕೋಡ್ ಬರಬಹುದು. ಹೊಗೆಯ ಬಡಿತಗಳ ನಡುವೆ ಹೊರಗಾಳಿ ಒಳಕ್ಕೆ ನುಗ್ಗಿ ಸೆನ್ಸರಿಗೆ ಸುಳ್ಳು ಲೆಕ್ಕ ಸಿಗುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ತುಕ್ಕು ಮೊದಲು ಹತ್ತುವ ಜಾಗಗಳಲ್ಲಿ ಅದೂ ಒಂದು. ಪ್ಲಗ್ ಬಿಚ್ಚಿ ನೋಡಿದರೆ ಗುಟ್ಟು ತಿಳಿಯುತ್ತದೆ: ಪೆಟ್ರೋಲ್ ಕಡಿಮೆ ಎಂದು ಕೋಡ್ ಹೇಳುತ್ತಿದ್ದರೂ ಪ್ಲಗ್ ಮಸಿ ಹಿಡಿದಿರುತ್ತದೆ.

ಇತ್ತೀಚೆಗೆ ಈ ಕೋಡ್‌ನ ಮಾತು ಬಂದಾಗಲೆಲ್ಲ ಎಥೆನಾಲ್ ಹೆಸರೂ ಬರುತ್ತಿದೆ. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಶುದ್ಧ ಪೆಟ್ರೋಲಿನ 14.7 ಎಂಬ ಲೆಕ್ಕ ಇ10ರಲ್ಲಿ 14.1ಕ್ಕೂ ಇ20ರಲ್ಲಿ 13.5ರ ಆಸುಪಾಸಿಗೂ ಇಳಿಯುತ್ತದೆ. ಅಂದರೆ ಇ10 ಕುಡಿಯುತ್ತಿದ್ದ ಎಂಜಿನ್ ಅಷ್ಟೇ ಗಾಳಿಗೆ ಈಗ ಶೇ. 4ರಷ್ಟು ಹೆಚ್ಚು ಇಂಧನ ಕೊಡಬೇಕು. ಗಟ್ಟಿಮುಟ್ಟಾದ ಎಂಜಿನ್ನಿಗೆ ಈ ನಾಲ್ಕು ಅಂಕ ದೊಡ್ಡದಲ್ಲ, ಟ್ರಿಮ್ ಅದನ್ನು ನುಂಗಿಕೊಳ್ಳುತ್ತದೆ. ಆದರೆ ಹೋಸ್ ಬಿರುಕು ಬಿಟ್ಟು, ಫಿಲ್ಟರ್ ಅರೆ ಕಟ್ಟಿ, ಮೊದಲೇ ಪ್ಲಸ್ 21ರಲ್ಲಿ ಓಡುತ್ತಿದ್ದ ಕಾರನ್ನು ಅದೇ ನಾಲ್ಕು ಅಂಕ ಗೆರೆ ದಾಟಿಸುತ್ತದೆ. ಎಲ್ಲ ತಪ್ಪನ್ನೂ ಪೆಟ್ರೋಲ್ ಬಂಕಿನ ಮೇಲೆ ಹಾಕುವುದೂ ಸರಿಯಲ್ಲ, ಹಳೆಯ ಕಾರಿಗೆ ಏನೂ ಆಗುವುದಿಲ್ಲ ಎಂದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ.

ಮಿಸ್ಸಿಂಗ್ ಕೋಡ್‌ಗಳ ವಿಷಯದಲ್ಲಿ ಈ ಊರಿನವರಿಗೆ ಒಂದು ಅನುಕೂಲವಿದೆ. ಪರೀಕ್ಷೆಗೆ ಬೇಕಾದ ರಸ್ತೆಗಳು ಮನೆ ಬಾಗಿಲಲ್ಲೇ ಇವೆ. ಬಿ.ಸಿ. ರೋಡಿನ ಟ್ರಾಫಿಕ್‌ನಲ್ಲಿ ನಿಂತಾಗ ಎಂಜಿನ್ ನಡುಗಿ, ಹೆದ್ದಾರಿಗೆ ಬಿದ್ದ ಮೇಲೆ ಸರಿಹೋದರೆ ಕಳ್ಳಗಾಳಿ, ಥ್ರಾಟಲಿನ ಕೊಳೆ, ಐಡ್ಲಿಂಗ್ ಕಡೆಯ ಸಮಸ್ಯೆ ಎಂದು ಸಂಶಯಪಡಬೇಕು. ವೇಣೂರು, ಗುರುವಾಯನಕೆರೆ ದಾರಿಯುದ್ದಕ್ಕೂ ಒಂದು ಕೆಮ್ಮೂ ಇಲ್ಲದೆ ಓಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿಯ ಏರಿನಲ್ಲಿ ಮೂರನೇ ಗೇರಿಗೆ ಎಳೆಯುವಾಗ ಜರ್ಕ್ ಹೊಡೆದರೆ ನೋಡಬೇಕಾದದ್ದು ಪ್ಲಗ್ ಮತ್ತು ಕಾಯಿಲ್. ಭಾರ ಎಳೆಯುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದು ಗ್ಯಾಪ್ ಅಗಲವಾದ ಪ್ಲಗ್ಗಿಗೆ ಬಡಕಲು ಕಾಯಿಲ್ ಅಷ್ಟನ್ನು ಕೊಡಲಾರದು, ಕೆಳಗೆ ಬಯಲಿನಲ್ಲಿ ಹೇಗೋ ಸುಧಾರಿಸಿಕೊಂಡಿರುತ್ತದೆ. ಘಾಟಿಯಲ್ಲಿ ಲೈಟು ಸುಮ್ಮನೆ ಉರಿಯದೆ ಮಿನುಗತೊಡಗಿದರೆ ಅದು ಬೇರೆಯೇ ಎಚ್ಚರಿಕೆ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಕೆಂಡದಂತೆ ಕಾಯಿಸುತ್ತಿದೆ ಎಂದರ್ಥ. ತಕ್ಷಣ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಕಾಯಿಲಿನ ಹಣ ಉಳಿಸಲು ಹೋಗಿ ಕನ್ವರ್ಟರ್ ಸುಟ್ಟುಕೊಂಡರೆ ನಷ್ಟ ಹಲವು ಪಟ್ಟು.

ಲೈಟು ಹೊತ್ತಿದ ಗಳಿಗೆಯಲ್ಲಿ ಕಾರು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ: ಆರ್‌ಪಿಎಂ, ವೇಗ, ಎಂಜಿನ್ ಬಿಸಿ, ಲೋಡ್, ಟ್ರಿಮ್. ‘ಫ್ರೀಜ್ ಫ್ರೇಮ್’ ಎಂದು ಸ್ಕ್ಯಾನರಿನಲ್ಲಿ ಕಾಣುವುದು ಇದೇ. ತಣ್ಣಗಿನ ಎಂಜಿನ್, 800 ಆರ್‌ಪಿಎಂ, ವೇಗ ಸೊನ್ನೆ ಎಂದಿದ್ದರೆ ಮನೆಯಂಗಳದಲ್ಲಿ ಸ್ಟಾರ್ಟ್ ಮಾಡಿದಾಗಲೇ ದೋಷ ಕಾಣಿಸಿದೆ. 3,000 ಆರ್‌ಪಿಎಂ, ಲೋಡ್ ಶೇ. 90 ಎಂದಿದ್ದರೆ ಏರಿನಲ್ಲಿ. ತನಿಖೆಗೆ ಇದಕ್ಕಿಂತ ದೊಡ್ಡ ಸುಳಿವಿಲ್ಲ. ಕೋಡ್ ಡಿಲೀಟ್ ಮಾಡಿದ ಕ್ಷಣ ಇದೂ ಅಳಿಸಿಹೋಗುತ್ತದೆ, ಬ್ಯಾಟರಿ ಟರ್ಮಿನಲ್ ಕಳಚಿದರೂ ಸಾಮಾನ್ಯವಾಗಿ ಅದೇ ಗತಿ. ಹೆಚ್ಚಿನ ದೋಷಗಳಿಗೆ ಕಂಪ್ಯೂಟರ್ ಒಂದೇ ಸಲಕ್ಕೆ ಲೈಟು ಹಾಕುವುದಿಲ್ಲ. ಮೊದಲ ಓಟದಲ್ಲಿ ಗುರುತು ಹಾಕಿಕೊಂಡು ಎರಡನೆಯ ಓಟದಲ್ಲೂ ಕಂಡರೆ ಮಾತ್ರ ಹಾಕುತ್ತದೆ. ಡಿಲೀಟ್ ಮಾಡಿದ ಮೇಲೆ ಎರಡು ದಿನ ಲೈಟು ಕಾಣದಿದ್ದರೆ ರಿಪೇರಿ ಆಯಿತು ಎಂದು ತಿಳಿಯುವುದು ಅದಕ್ಕೇ ತಪ್ಪು. ಅದೇ ರೀತಿ ದೋಷವಿಲ್ಲದೆ ಸತತ ಮೂರು ಓಟ ಕಳೆದರೆ ಲೈಟು ತಾನಾಗಿ ಆರುತ್ತದೆ. ಮಳೆ ಬಂದಾಗ ಬಂದು ಬಿಸಿಲು ಬಿದ್ದಾಗ ಹೋಗುವ ಲೈಟಿನ ರಹಸ್ಯವೂ ಇಷ್ಟೇ.

ಮಳೆಯ ಲೈಟು ಎಂದರೆ ಬಹುಪಾಲು ವೈರಿಂಗ್. ಈ ಸೀಮೆಯ ಹಳೆಯ ಕಾರುಗಳ ಅತಿ ಹಟಮಾರಿ ಕೋಡ್‌ಗಳು ಇಲ್ಲಿ ಅಡಗಿರುತ್ತವೆ. ತೋಟದ ಇಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ವೈರಿನ ಪ್ಲಾಸ್ಟಿಕ್ ಸಿಪ್ಪೆ ಕಡಿಯುತ್ತದೆ. ತಾಮ್ರ ತುಂಡಾಗದಿದ್ದರೆ ಕಾರು ಓಡುತ್ತಲೇ ಇರುತ್ತದೆ. ತೇವ ಏರಿದಾಗ ಅಲ್ಲಿ ಹಸಿರು ಕಿಲುಬು ಕಟ್ಟಿ ಕರೆಂಟು ಅರ್ಧಂಬರ್ಧ ಹೋಗುತ್ತದೆ. ವೈರ್ ಜೋಡಿಸುವ ಕಪ್ಲರಿನ ರಬ್ಬರ್ ಸೀಲ್ ಒಣಗಿ ನೀರು ಇಳಿದರೂ ಹೀಗೆಯೇ. ಇಲಿ ಬಾರದಿರಲೆಂದು ಹೊಗೆಸೊಪ್ಪು ಕಟ್ಟಿಡುವವರಿದ್ದಾರೆ. ಕಟ್ಟಲಿ, ಆದರೆ ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವುದಕ್ಕೆ ಅದು ಬದಲಿಯಲ್ಲ.

ವೈರಿಂಗ್ ತನಿಖೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಒಳ್ಳೆಯ ಉದಾಹರಣೆ. ಬೆಳ್ತಂಗಡಿಯ ಏಪ್ರಿಲ್ ಮಧ್ಯಾಹ್ನ, ಬೆವರು ಇಳಿಯುತ್ತಿರುವಾಗ ಸ್ಕ್ಯಾನರಿನಲ್ಲಿ ಎಂಜಿನ್ ಬಿಸಿ ಮೈನಸ್ 40 ಡಿಗ್ರಿ ಎಂದು ತೋರಿಸಿದರೆ? ಸರ್ಕ್ಯೂಟ್ ಎಲ್ಲೋ ತುಂಡಾಗಿದೆ, ಕರೆಂಟು ಮರಳಿ ಬರುತ್ತಿಲ್ಲ ಎಂಬುದರ ಗುರುತು ಆ ಅಂಕಿ. ಜೊತೆಗೆ ಪಿ0118 ಕೋಡ್. ಸೆನ್ಸರ್ ಹೋಗಿದೆ ಎಂದು ಅಂಗಡಿಗೆ ಓಡುವ ಮೊದಲು ಎರಡು ತಂತಿಯ ಆ ಕಪ್ಲರನ್ನು ಕಳಚಿ, ಅದರ ಎರಡು ಪಿನ್‌ಗಳನ್ನು ಸಣ್ಣ ವೈರ್ ತುಂಡಿನಿಂದ ಜೋಡಿಸಬೇಕು. ಸ್ಕ್ಯಾನರಿನಲ್ಲಿ ಅಂಕಿ ಮೈನಸ್ 40ರಿಂದ ಒಮ್ಮೆಲೇ ನೂರು ದಾಟಿ ಮೇಲಿನ ತುದಿಗೆ ಹಾರಿದರೆ ಕಂಪ್ಯೂಟರೂ ಸರಿ, ವೈರೂ ಸರಿ, ಸೆನ್ಸರ್ ಹಾಳು. ಅಂಕಿ ಮೈನಸ್ 40ರಲ್ಲೇ ಕೂತರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ, ವೈರ್ ಎಲ್ಲಿ ಕಡಿದಿದೆ ಎಂದು ಹುಡುಕಬೇಕು. ಎರಡು ನಿಮಿಷದ ಕೆಲಸ, ಖರ್ಚು ಸೊನ್ನೆ. ಮೂರು ತಂತಿಯ ಸೆನ್ಸರ್‌ಗಳಲ್ಲಿ ಮಾತ್ರ ಹೀಗೆ ಕಣ್ಣುಮುಚ್ಚಿ ಪಿನ್ ಜೋಡಿಸಬಾರದು, ಕಂಪ್ಯೂಟರಿಗೇ ಪೆಟ್ಟು ಬೀಳಬಹುದು.

ಒಮ್ಮೆಗೇ ಮೂರು ನಾಲ್ಕು ಸೆನ್ಸರ್‌ಗಳ ಕೋಡ್ ಬಂದಾಗ ಗಾಬರಿ ಬೀಳುವ ಬದಲು ಅವು ಹಂಚಿಕೊಳ್ಳುವ ವೈರ್ ಯಾವುದು ಎಂದು ನೋಡಬೇಕು. ಹಲವು ಸೆನ್ಸರ್‌ಗಳಿಗೆ ಕಂಪ್ಯೂಟರಿನಿಂದ ಹೋಗುವುದು ಒಂದೇ 5 ವೋಲ್ಟಿನ ಲೈನು. ಒಂದು ಸೆನ್ಸರ್ ಒಳಗೆ ಶಾರ್ಟಾದರೆ ಉಳಿದವೂ ಕುರುಡಾಗುತ್ತವೆ. ಮಲ್ಟಿಮೀಟರ್ ಹಿಡಿದು ಒಂದೊಂದೇ ಕಪ್ಲರ್ ಕಳಚುತ್ತ ಹೋದರೆ, ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬಂತೋ ಕಳ್ಳ ಅಲ್ಲಿದ್ದಾನೆ. ಅರ್ಥ್ ವೈರುಗಳದ್ದೂ ಇದೇ ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ ಬ್ಲಾಕಿಗೂ ಮೀಟರ್ ಹಿಡಿದರೆ 0.1 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಬೋಲ್ಟ್ ಬಿಚ್ಚಿ ತುಕ್ಕು ಕೆರೆದು ಬಿಗಿದು ನೋಡಬೇಕು.

ಪಿ0420 ಬಂದರೆ ಕನ್ವರ್ಟರಿನ ಬೆಲೆ ಕೇಳಿಯೇ ಹಲವರು ಕಾರು ಮಾರಲು ಹೊರಡುತ್ತಾರೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಅದರ ಬೆಲೆ ದುಬಾರಿಯೇ. ಆದರೆ ಮೊದಲು ಮುಂದಿನ, ಹಿಂದಿನ ಆಕ್ಸಿಜನ್ ಸೆನ್ಸರ್‌ಗಳ ಗ್ರಾಫನ್ನು ಒಟ್ಟಿಗೆ ನೋಡಬೇಕು. ಹಳೆಯ ಕಾರುಗಳ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಕುಣಿಯುತ್ತಿರಬೇಕು, ಹಿಂದಿನದು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರಬೇಕು. ಹಿಂದಿನದೂ ಮುಂದಿನದರ ತಾಳಕ್ಕೇ ಕುಣಿದರೆ ಕನ್ವರ್ಟರ್ ಮೇಲೆ ಸಂಶಯ. ಆಗಲೂ ಪೈಪಿನಲ್ಲಿ ಲೀಕ್ ಇಲ್ಲವೆಂದು, ಮಿಸ್ಸಿಂಗ್ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ. ಡೀಸೆಲ್ ಗಾಡಿಗಳಲ್ಲಿ ಟರ್ಬೊ ಒತ್ತಡ ಸಾಲದು ಎನ್ನುವ ಪಿ0299 ಬಂದಾಗಲೂ ಟರ್ಬೊ ಬಿಚ್ಚುವ ಮೊದಲು ಅದರ ಹೋಸ್‌ಗಳನ್ನು ಕೈಯಿಂದ ಸವರಿ ನೋಡಬೇಕು, ಆಯಿಲ್ ಜಿನುಗಿದ ಕಡೆ ಸೀಳು ಸಿಗುವುದುಂಟು.

ಇಷ್ಟೆಲ್ಲ ದಾರಿ ಇದ್ದೂ ಪಾರ್ಟ್ ಮೇಲೆ ಪಾರ್ಟ್ ಬದಲಾಗುವುದೇಕೆ? ತಪ್ಪು ಮೆಕ್ಯಾನಿಕ್ಕಿನದು ಮಾತ್ರ ಎನ್ನಲಾಗದು. ಗ್ಯಾರೇಜಿನಲ್ಲಿ ನಡೆಯುವ ಮಾತು ಹೀಗಿರುತ್ತದೆ: “ಸೆನ್ಸರ್ ಹೋಗಿದೆ ಅಂತ ಮೊಬೈಲಿನಲ್ಲೇ ಬಂತಲ್ಲ, ಹೊಸತೊಂದು ಹಾಕಿಬಿಡಿ.” “ಹಾಕ್ಲಿಕ್ಕೆ ಆಗ್ತದೆ ಮಾರಾಯ್ರೆ, ವೈರಿಂಗ್ ಒಮ್ಮೆ ನೋಡ್ಬೇಕು. ಗಾಡಿ ಎರಡು ದಿನ ಇಲ್ಲೇ ಬಿಡಿ.” “ಎರಡು ದಿನವಾ? ನೋಡ್ಲಿಕ್ಕೆ ಎಂಥದ್ದು ಉಂಟು?” ಹೊಸ ಸೆನ್ಸರಿನ ಬಿಲ್ಲನ್ನು ಮರುಮಾತಿಲ್ಲದೆ ಕೊಡುವವರು, ಅರ್ಧ ದಿನ ಮೀಟರ್ ಹಿಡಿದು ಒಂದು ಕಪ್ಲರ್ ತೊಳೆದು ಸರಿಮಾಡಿದವನ ಮಜೂರಿಗೆ ಚೌಕಾಸಿ ಮಾಡುತ್ತಾರೆ. ಹುಡುಕಿದ್ದಕ್ಕೆ ಹಣ ಹುಟ್ಟದಿದ್ದರೆ ಹುಡುಕುವವರು ಉಳಿಯುವುದಿಲ್ಲ. ಇಲ್ಲಿನ ಗ್ಯಾರೇಜುಗಳಲ್ಲಿ ಮಲ್ಟಿಮೀಟರ್ ಬಲ್ಲ, ಟ್ರಿಮ್ ಓದಬಲ್ಲ ಹುಡುಗರಿದ್ದಾರೆ. ಅವರ ಕೈಯಲ್ಲಿ ಪಾರ್ಟ್ ಬದಲಿಸುವ ಕೆಲಸವನ್ನಷ್ಟೇ ಮಾಡಿಸುವುದು ದೊಡ್ಡ ನಷ್ಟ.

ಹೊಗೆ ತಪಾಸಣೆಯಲ್ಲಿ ಸೈಲೆನ್ಸರಿಗೆ ನಳಿಕೆ ಇಟ್ಟು ಅಳೆಯುತ್ತಾರೆಯೇ ಹೊರತು ಡ್ಯಾಶ್‌ಬೋರ್ಡಿನ ಲೈಟಿನ ಕೋಡ್ ಓದುವುದಿಲ್ಲ. ಹೀಗಾಗಿ ಈ ಲೈಟನ್ನು ನೋಡಿಸುವ ಜವಾಬ್ದಾರಿ ಪೂರ್ತಿ ಮಾಲೀಕರದ್ದೇ. ಮುಂದಿನ ಸಲ ಅದು ಹೊತ್ತಿಕೊಂಡಾಗ ಒಂದು ಚೀಟಿಯಲ್ಲಿ ಬರೆದಿಡಿ: ಬೆಳಗ್ಗೆ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆಯಲ್ಲೋ ಬಿಸಿಲಿನಲ್ಲೋ, ಏರಿನಲ್ಲೋ ನಿಂತಾಗಲೋ, ಪೆಟ್ರೋಲ್ ತುಂಬಿಸಿ ಎಷ್ಟು ದಿನವಾಗಿತ್ತು. ಡಿಲೀಟ್ ಮಾಡುವ ಮುನ್ನ ಕೋಡ್ ಮತ್ತು ಫ್ರೀಜ್ ಫ್ರೇಮಿನ ಫೋಟೋ ತೆಗೆಸಿಕೊಳ್ಳಿ. ಹೊಸ ಪಾರ್ಟ್ ಹಾಕಬೇಕೆಂದರೆ ಏನನ್ನು ಅಳೆದು ನೋಡಿದಿರಿ ಎಂದು ಕೇಳಿ. ಯಾವ ಪಾರ್ಟೂ ಬದಲಿಸದೆ ಬರೀ ಒಂದು ವೈರ್ ಜೋಡಿಸಿ ಸರಿಮಾಡಿಕೊಟ್ಟರೆ, ಹುಡುಕಿದ ಹೊತ್ತಿನ ಮಜೂರಿಯನ್ನು ಪೂರ್ತಿ ಕೊಟ್ಟು ಬನ್ನಿ.